ಎದುರು ಚರ್ಚಿನ ಗೇಟು

ಅಪ್ಪಾ,

ನೀನು ಸುಳ್ಳು ಹೇಳುತ್ತಿದ್ದೀಯ ಎಂಬ ಅನುಮಾನ ನನಗೆ ಮೊದಲಿನಿಂದಲೂ ಇತ್ತು. ಜರ್ಮನಿಯಿಂದ ಈ ಊರಿಗೆಂದು ಹೊರಟ ಮುತ್ತಜ್ಜ ಟ್ರೌಗಾಟ್‌ನನ್ನು ಹಳೆಯ ದಾಖಲೆಗಳಲ್ಲಿ ವರ್ಷಗಟ್ಟಲೆ ಹುಡುಕಿದೆ. ಹ್ಯಾಂಬರ್ಗಿನಲ್ಲಿ ಹಡಗು ಹತ್ತಿದ್ದು ಸಿಕ್ಕಿತು, ಆಚೆಗೆ ಸುಳಿವೇ ಇಲ್ಲ. ಕೇಳಿದಾಗಲೆಲ್ಲ ನಿನ್ನದು ಒಂದೇ ಮಾತು: "ಹಡಗಲ್ಲೇ ತೀರ್ಕೊಂಡ ಕಣೆ, ಸಮುದ್ರಕ್ಕೆ ಹಾಕಿದ್ರು. ಬಿಟ್ಬಿಡು."

ಹಾಗಾದರೆ ಶನಿವಾರ ಸಂಜೆ ನಿನ್ನ ಬೂಟಿಗೆ ಕೆಮ್ಮಣ್ಣು ಎಲ್ಲಿಂದ ಮೆತ್ತುತ್ತಿತ್ತು?

ಇವತ್ತು ನಮ್ಮ ಚರ್ಚಿನಿಂದ ರಸ್ತೆ ದಾಟಿ ಎದುರು ಚರ್ಚಿನ ಸ್ಮಶಾನಕ್ಕೆ ಹೋದೆ. ಅವರೂ ಲೂಥರನ್ ಪಂಗಡದ ಕ್ರೈಸ್ತರೇ, ನಾವೂ ಅದೇ ಪಂಗಡದವರೇ. ಆದರೂ ಎಂದೋ ಪಾದ್ರಿಗಳು ಜಗಳವಾಡಿದ್ದಕ್ಕೆ ನಮ್ಮವರು ಯಾರೂ ಆ ಗೇಟು ಮುಟ್ಟಿದವರಲ್ಲ. ಒಳಗೆ, ದ್ರಾಕ್ಷಿ ತೋಟದ ಬೇಲಿಯ ಪಕ್ಕ, ಕೆಮ್ಮಣ್ಣಿನ ನಡುವೆ ಮುತ್ತಜ್ಜನ ಹೆಸರು ಕೆತ್ತಿದ ಗೋರಿ.

ಗಿಡಗಳಿಗೆ ನೀರು ಹಾಕುತ್ತಿದ್ದ ಆ ಚರ್ಚಿನ ಹುಲ್ಡಾ ಮುದುಕಿ ನನ್ನನ್ನು ಕಳ್ಳಿಯನ್ನು ನೋಡುವಂತೆ ನೋಡಿದಳು.

"ಆ ಕಡೆಯವಳಲ್ವಾ ನೀನು? ಗುಲಾಬಿ ಕೀಳೋಕೆ ಬಂದ್ಯಾ?"

"ಇವರು ನಮ್ಮ ಮುತ್ತಜ್ಜ. ನಿಮ್ಮಲ್ಲಿ ಹೇಗೆ?"

"ನಮ್ಮ ಕಡೆ ಸೇರ್ಕೊಂಡ್ರು. ಅವತ್ತಿಂದ ನಿಮ್ಮೋರ ಪಾಲಿಗೆ ಸತ್ತೇ ಹೋದ್ರು. ನಿಮ್ಮಪ್ಪ ಮಾತ್ರ ಶನಿವಾರ ಕದ್ದು ಬಂದು, ಕಳೆ ಕಿತ್ತು ಹೋಗ್ತಿದ್ರು."

ಆಮೇಲೆ ಗೋರಿಯ ಪಕ್ಕದ ಖಾಲಿ ಜಾಗ ತೋರಿಸಿದಳು.

"ಇದನ್ನ ತನಗೇ ಇಡಿ ಅಂತ ಕೇಳ್ಕೊಂಡಿದ್ರು. ಹೋದ ವರ್ಷ ಅವರು ತೀರ್ಕೊಂಡಾಗ ಕಾಯ್ತಾ ಇದ್ವಿ. ಯಾಕಮ್ಮ ಕರ್ಕೊಂಡು ಬರ್ಲಿಲ್ಲ?"

ನಾನು ರಸ್ತೆಯಾಚೆ ನೋಡಿದೆ. ನಮ್ಮ ಚರ್ಚಿನ ಅಂಗಳದಲ್ಲಿ ನಿನ್ನ ಕಲ್ಲು ಅಲ್ಲಿಂದಲೇ ಕಾಣುತ್ತಿತ್ತು, ಸುತ್ತ ಮೊಣಕಾಲೆತ್ತರ ಕಳೆ.