ಹಲಸಿನ ಮರದ ಚಮಚ

ಪಾಂಡವಪುರ

ಸೊಸೆ ಭೂಮಿಕಳಿಗೆ ಆಶೀರ್ವಾದಗಳು.

ನನ್ನ ಮಗ ಅಭಿಲಾಷನನ್ನು ಕೊಂಡೊಯ್ದ ಕ್ಯಾನ್ಸರ್ ಈಗ ನನಗೂ ಬಂದಿದೆ. ಎರಡನೆಯ ಕೀಮೋ ಆದಂದಿನಿಂದ ಸ್ಟೀಲು ಚಮಚ ನಾಲಿಗೆಗೆ ತಾಗಿದರೆ ತುಕ್ಕಿನ ರುಚಿ, ವಾಂತಿ. ತೂಕ ಇನ್ನೂ ಇಳಿದರೆ ಚಿಕಿತ್ಸೆ ನಿಲ್ಲಿಸುತ್ತಾರಂತೆ.

ಅವನೂ ಇದನ್ನೇ ಹೇಳಿ, ಹಲಸಿನ ತುಂಡಿನಲ್ಲಿ ತಾನೇ ಚಮಚ ಕೆತ್ತಿಕೊಂಡಿದ್ದ. "ನಾಟ್ಕ ಆಡ್ಬ್ಯಾಡ ಕಣ್ಲಾ, ಉಣ್ಣು" ಎಂದು ನಾನು ಅದನ್ನು ಕಿತ್ತುಕೊಂಡೆ. "ಬುಡಿ ಮಾವ, ಅವ್ರು ಸುಳ್ಳೇಳ್ತಿಲ್ಲ" ಎಂದೆ ನೀನು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದವನು ನಾನು. ಅಂದು ನಿನ್ನೆದುರೂ ಗೆದ್ದೆ.

ಅವನು ಹೋದ ಮೇಲೆ ನೀನು ಕೊಂಡೊಯ್ದ ಆ ಚಮಚ ನಾಗಮಂಗಲದಲ್ಲಿ, ನಿನ್ನ ತವರಿನಲ್ಲಿದೆ. ಅವನಿಗೆ ನಿರಾಕರಿಸಿದ ಮರದ ಚಮಚವನ್ನು ಅಂಗಡಿಯಿಂದ ಕೊಂಡು ಅದರಲ್ಲಿ ಉಣ್ಣಲಾರೆ. ನೀನು ಕಳುಹಿಸಿದರೆ ಉಣ್ಣುತ್ತೇನೆ. ಕೊಡುವುದಿಲ್ಲವೆಂದರೆ, ಈ ಸಲ ನಾನು ವಾದಿಸುವುದಿಲ್ಲ.

ನಿನ್ನ ಮಾವ,
ಚಂದ್ರಶೇಖರ