ಎಂಟು ಪಟ್ಟಿನ ಪೈಪ್‌ಲೈನ್ ಷೇರು

ಅಕ್ಕಾ,

ಇವತ್ತು ಭಾವ ನಿನ್ನ ಪೈಪ್‌ಲೈನ್ ಕಂಪನಿಯ ಷೇರು ಮಾರುವ ಮಾತೆತ್ತಿದರು. "ಇದರ ಚೂರು ಲಾಭ ನೋಡಿದ್ರೆ ನಗು ಬರುತ್ತೆ ಕಣೋ," ಎಂದರು. ಹಾಲಿನ ಲೆಕ್ಕಕ್ಕೂ ಬೆರಳು ಮಡಿಸುವ ಮನುಷ್ಯ, ನಿನಗೆ ಗೊತ್ತಲ್ಲ.

ನೀನು ನನಗೆ ಹೇಳಿಕೊಟ್ಟಂತೆಯೇ ಹಾಳೆಯ ಮೇಲೆ ಬರೆದು ತೋರಿಸಿದೆ. ಪೈಪಿನ ಸವಕಳಿ ಎಂದು ಪ್ರತಿವರ್ಷ ಲಾಭದಲ್ಲಿ ಒಂದು ಮೊತ್ತ ಕಳೆಯುತ್ತಾರೆ, ಆದರೆ ಆ ದುಡ್ಡು ಆ ವರ್ಷ ಎಲ್ಲಿಗೂ ಹೋಗಿರುವುದಿಲ್ಲ. ಅದನ್ನು ಮತ್ತೆ ಕೂಡಿಸಿ, ರಿಪೇರಿಗೆ ನಿಜವಾಗಿ ಆದ ಖರ್ಚು ಕಳೆದರೆ ಕೈಗೆ ಬರುವ ನಗದು ಸಿಗುತ್ತದೆ. ನೀನು ಕೊಂಡಾಗ ಒಂದು ಷೇರಿನ ಬೆಲೆ, ಅದರ ಪಾಲಿಗೆ ವರ್ಷಕ್ಕೆ ಬರುವ ಆ ನಗದಿನ ಎಂಟು ಪಟ್ಟು ಇತ್ತು. ಅಂಥ ಬೇರೆ ಕಂಪನಿಗಳದ್ದು ಹನ್ನೆರಡು.

"ಎಂಟು ಪಟ್ಟು ಅಂದ್ರೆ?"

"ಹಾಕಿದಷ್ಟು ದುಡ್ಡು ದುಡಿಯೋಕೆ ಎಂಟು ವರ್ಷ ಬೇಕು ಭಾವ. ಕಾಯೋರಿಗೆ ಅಗ್ಗ ಅಂತಿದ್ಲು ಅಕ್ಕ."

ಅವರು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸುತ್ತಾ ಕೂತರು. "ಡಾಕ್ಟರು ಅವಳಿಗೆ ಉಳಿದಿರೋದು ಇನ್ನೊಂದೇ ವರ್ಷ ಅಂದ್ರಲ್ಲ, ಅದರ ಮಾರನೇ ವಾರ ಅವಳು ತಗೊಂಡಿದ್ದು ಇದನ್ನ."

ನನಗದು ಗೊತ್ತಿರಲಿಲ್ಲ. ಅವತ್ತು ನೀನು ಫೋನ್ ಮಾಡಿ ಲೆಕ್ಕ ಸರಿಯಿದೆಯಾ ಎಂದು ಕೇಳಿದ್ದೆ. ನಾನು ಸರಿಯಿದೆ ಎಂದು ಹೇಳಿ ಫೋನ್ ಇಟ್ಟಿದ್ದೆ.

ಭಾವ ಹಾಳೆ ಮಡಚಿ ಜೇಬಿಗಿಟ್ಟುಕೊಂಡರು.

"ಎಂಟು ವರ್ಷ ಆಗ್ಲಿ ಬಿಡು. ಆಮೇಲೆ ನೋಡೋಣ."