ಬೆಂದಿದ್ದನ್ನೇ ಬೇಯಿಸಿದೆ

ನವೆಂಬರ್ ೨೭, ಗುರುವಾರ ರಾತ್ರಿ

ಬೆಂದಿತ್ತು. ಆ ಟರ್ಕಿ ಕೋಳಿಯ ಎದೆಮಾಂಸ ಸರಿಯಾಗಿಯೇ ಬೆಂದಿತ್ತು. ಹಾಳು ಮಾಡಿದವಳು ನಾನು.

ಪ್ರತಿ ವರ್ಷ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟ ಅತ್ತೆ ವರ್ನಾ ಅವರ ಮನೆಯಲ್ಲಿ, ಇಡೀ ಕೋಳಿ, ದೊಡ್ಡ ಓವನ್. ಈ ಸಲ ಮಗು ಓಪಲ್‌ಗೆ ಮೊದಲ ಹಬ್ಬ, ನಮ್ಮ ಅಪಾರ್ಟ್‌ಮೆಂಟಿನಲ್ಲೇ ಆಗಲಿ ಎಂದು ಹಟ ಹಿಡಿದೆ. ಮೂವರು ದೊಡ್ಡವರಿಗೆ ಎದೆಭಾಗ ಸಾಕು, ಏರ್ ಫ್ರೈಯರ್‌ನಲ್ಲಿ ಬೇಗ ಆಗುತ್ತದೆ ಎಂದವಳೂ ನಾನೇ.

ಬೆಂದಿದೆಯೇ ಎಂದು ಮಾಂಸಕ್ಕೆ ಥರ್ಮಾಮೀಟರ್ ಚುಚ್ಚಿದಾಗ ಬೇಕಾದಷ್ಟು ಬಿಸಿ ತೋರಿಸಿತು. ಆದರೆ ಒಳಗೆ ಒಂದು ಕಡೆ ನಸುಗೆಂಪು ಕಂಡಂತಾಯಿತು. ಎಲ್ಲರಿಗೂ ಹೊಟ್ಟೆ ಕೆಟ್ಟರೆ? ನನ್ನ ಹಾಲು ಕುಡಿಯುವ ಮಗುವಿಗೆ ಏನಾದರೂ ಆದರೆ?

"ಆಗಿದೆ ಕಣೇ, ತೆಗಿ. ಸ್ವಲ್ಪ ಹೊತ್ತು ಹಾಗೇ ಬಿಡು, ಸರಿಹೋಗುತ್ತೆ," ಎಂದರು ವರ್ನಾ. ನಾನು ಮತ್ತೆ ಒಳಗಿಟ್ಟೆ. ಮತ್ತೆ ಚುಚ್ಚಿದೆ, ಮತ್ತೆ ಇಟ್ಟೆ. ಗ್ರೇವಿಗೆಂದು ಅವರು ಕಾಯುತ್ತಿದ್ದ ರಸವೆಲ್ಲ ತಳದಲ್ಲಿ ಕರಕಲಾಯಿತು.

"ಚಾಕು ಸಾಲಲ್ಲ, ಗರಗಸ ತರ್ಲಾ?" ಎಂದ ಗಂಡ ಡಾರಿನ್.

"ಬಾಯ್ಮುಚ್ಕೊಂಡು ತಿನ್ನೋ," ಎಂದರು ಅವನಮ್ಮ. ತಾವು ಮಾತ್ರ ಪ್ರತಿ ತುತ್ತಿಗೂ ನೀರು ಕುಡಿದರು.

ಹೊರಡುವಾಗ ನನ್ನ ಕೆನ್ನೆ ಸವರಿ, "ಮುಂದಿನ ವರ್ಷ ನಮ್ಮನೇಲೇ ಮಾಡೋಣ. ಮಗು ಇಟ್ಕೊಂಡು ನಿಂಗ್ಯಾಕೆ ಕಷ್ಟ," ಎಂದರು. ಪ್ರೀತಿಯಿಂದಲೇ ಅಂದರು, ಅದೇ ಮೈ ಉರಿಸುತ್ತಿದೆ. ಬೈದಿದ್ದರೆ ನಾನೂ ತಿರುಗಿ ಒಂದು ಮಾತು ಅಂದು ಹಗುರಾಗುತ್ತಿದ್ದೆ.

ಥರ್ಮಾಮೀಟರ್ ಹೇಳಿತು, ಜೀವಮಾನವೆಲ್ಲ ಕೋಳಿ ಬೇಯಿಸಿದವರು ಹೇಳಿದರು. ಯಾರನ್ನೂ ನಂಬಲಿಲ್ಲ.

ಈಗ ಓಪಲ್ ಮಿಸುಕಿದ ಸದ್ದು. ಇಲ್ಲ, ನಿದ್ದೆಯಲ್ಲೇ ಇದ್ದಾಳೆ, ಉಸಿರಾಟ ಇಲ್ಲಿಗೇ ಕೇಳುತ್ತಿದೆ. ಆದರೂ ಒಮ್ಮೆ ಮುಟ್ಟಿ ನೋಡಿ ಬರುತ್ತೇನೆ.